ಮೂರನೆಯ ಎಲೆ

೧೨ ಅಕ್ಟೋಬರ್ ೧೯೫೮, ಭಾನುವಾರ. ಮಹಾಲಯ ಅಮಾವಾಸ್ಯೆ.

ಎಷ್ಟು ತೊಳೆದರೂ ಬೆರಳಿಗೆ ಅಂಟಿದ ಕಜ್ಜಾಯದ ಎಣ್ಣೆ ಹೋಗುತ್ತಿಲ್ಲ.

ಈಸ್ಟರ್ ದಿನ, ಯೇಸುವೇ ಕ್ರಿಸ್ತನೆಂದು ಎಲ್ಲರೆದುರು ಒಪ್ಪಿಕೊಂಡು ದೀಕ್ಷಾಸ್ನಾನ ಪಡೆದೆ. "ಆತನ ಹಿಂದೆ ಹೋಗೋನು ಸಾಯೋದಕ್ಕೂ ತಯಾರಿರ್ಬೇಕು, ಇದ್ದೀಯಾ?" ಎಂದು ಪಾದ್ರಿಗಳು ಕೇಳಿದ್ದರು. ಇದ್ದೇನೆ ಎಂದಿದ್ದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ.

ಅಂದಿನಿಂದ ಮನೆಯವರು ನನ್ನನ್ನು ಹೊಸ್ತಿಲು ತುಳಿಯಲು ಬಿಟ್ಟಿಲ್ಲ. ಇವತ್ತು ಸಂಜೆ ತಡೆಯಲಾರದೆ ನಮ್ಮೂರು ಸಾರಕ್ಕಿಗೆ ಹೋದೆ. ತೀರಿಕೊಂಡ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ನಾನು ಹಿತ್ತಿಲಿನಿಂದ ಒಳಹೊಕ್ಕೆ. ದೀಪದ ಮುಂದೆ ಮೂರು ಎಲೆ. ತಾತನದು, ಅಜ್ಜಿಯದು. ಮೂರನೆಯದರ ಪಕ್ಕದಲ್ಲಿ ನನ್ನ ನೀಲಿ ಅಂಗಿಯನ್ನು ಮಡಿಸಿ, ಮೇಲೆ ಹೂವಿಟ್ಟಿದ್ದರು.

ಬಾಗಿಲು ತೆರೆಯಿತು. ಅವ್ವ ನನ್ನನ್ನು ನೋಡಿದಳು. ಬೆಚ್ಚಲಿಲ್ಲ.

"ಬಂದ್ಯಾ? ಹೊಟ್ಟೆ ತುಂಬ ಉಂಡು ಹೋಗಪ್ಪ. ಮನೆ ಮಕ್ಕಳ್ನ ಕಾಡ್ಬೇಡ."

"ಅವ್ವಾ, ನಾನು ಸತ್ತಿಲ್ಲ ಕಣವ್ವ."

ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಸತ್ತು ಎದ್ದ ಯೇಸು, ತಾನು ಭೂತವಲ್ಲವೆಂದು ತೋರಿಸಲು ಶಿಷ್ಯರ ಎದುರೇ ಮೀನು ತಿಂದದ್ದು ನೆನಪಾಯಿತು. ನಾನೂ ಎಲೆಯ ಮುಂದೆ ಕೂತು ಒಂದು ಕಜ್ಜಾಯ ತಿಂದೆ.

ಅವ್ವ ಕೈ ಮುಗಿದಳು.