ಬೇಟೆಗಾಲದಲ್ಲಿ ಮೂಸ್‌ನ ವಿಳಾಸ ಹಂಚುವವರಿಗೆ

ಮಾನ್ಯ ವನ್ಯಜೀವಿ ಅಧಿಕಾರಿಗಳೇ,

ಬೇಟೆಗಾಲ ಶುರುವಾಗಿ ಎರಡು ವಾರವಾಯಿತು. ಇರುವ ಜಾಗ ತಿಳಿಸುವ ಪಟ್ಟಿಯನ್ನು ಕೊರಳಿಗೆ ಕಟ್ಟಿ ನೀವೇ ಕಾಡಿಗೆ ಬಿಟ್ಟ ಎಳೆಯ ಗಂಡು ಮೂಸ್ ಜಿಂಕೆ ಈ ಕ್ಷಣ ಎಲ್ಲಿದೆ ಎಂಬುದನ್ನು ನಿಮ್ಮ ಕಚೇರಿ ಇನ್ನೂ ಜಗತ್ತಿಗೆಲ್ಲ ತೋರಿಸುತ್ತಲೇ ಇದೆ. ಫೋನಿನಲ್ಲಿ ನಕ್ಷೆ, ನಕ್ಷೆಯ ಮೇಲೆ ಕೆಂಪು ಚುಕ್ಕೆ. ನಿಲ್ಲಿಸಿ ಎಂದು ಎಷ್ಟೋ ಸಲ ಕೇಳಿಕೊಂಡೆ. ಕೇಳಿಸಲಿಲ್ಲವೋ, ಕೇಳಿಸಿಯೂ ಕಿವುಡಾದಿರೋ ತಿಳಿಯದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಪ್ರಾಣಿದಯಾ ಸಂಘದ ಯಾವುದೋ ಅಜ್ಜಿ ಎಂದುಕೊಂಡು ಇದನ್ನು ಬದಿಗಿಡಬೇಡಿ. ನಾನು ನಮ್ಮೂರ ಬೇಟೆ ತಂಡದ ಮುಖ್ಯಸ್ಥೆ. ನನ್ನ ಫ್ರೀಜರಿನಲ್ಲಿ ಹೋದ ವರ್ಷದ ಮೂಸ್ ಮಾಂಸ ಇನ್ನೂ ಇದೆ. ನಾಯಿ ವಾಸನೆ ಹಿಡಿಯಬೇಕು, ನಾವು ಚಳಿಯಲ್ಲಿ ಕಾಯಬೇಕು, ಬಹಳ ದಿನ ಪ್ರಾಣಿ ನಮಗೆ ಕೈಕೊಟ್ಟು ಹೋಗಬೇಕು. ಬೇಟೆ ಎಂದರೆ ಅದು. ಈ ವರ್ಷ ಮೊದಲ ದಿನ ಏನಾಯಿತು ಗೊತ್ತೇ? ನಾನು ನಾಯಿ ಬಿಚ್ಚಲು ಹೋದರೆ ಪಕ್ಕದ ಮನೆಯ ಎಸ್ಬ್ಯೋರ್ನ್ ಕಾಫಿ ಹೀರುತ್ತ ಫೋನ್ ನೋಡಿಕೊಂಡು ಕೂತಿದ್ದ.

“ನಾಯಿ ಯಾಕೆ ಬಿಡ್ತೀಯ ಗುನ್ವೋರ್? ಪಾಪ, ಮಲಗಿರ್ಲಿ. ಚುಕ್ಕೆ ತಾನಾಗೇ ಕೆರೆ ಕಡೆ ಬರ್ತಾ ಇದೆ.”

“ಹಂಗಾದ್ರೆ ಕೋವಿ ಯಾಕೋ ತಂದೆ? ಅಂಗಡೀಲಿ ಪ್ಯಾಕೆಟ್ ಮಾಂಸ ಸಿಗುತ್ತಲ್ಲ.”

“ಅದಕ್ಕೆ ರುಚಿ ಇರಲ್ಲ” ಎಂದ.

ನಿಮ್ಮ ಕಚೇರಿಗೆ ಫೋನ್ ಮಾಡಿದರೆ ಮೆಲುದನಿಯವರೊಬ್ಬರು ಪಾಠ ಹೇಳಿದರು. “ಇದು ಸ್ವೀಡನ್, ಗುನ್ವೋರ್. ಇಲ್ಲಿ ನಾವು ಏನನ್ನೂ ಮುಚ್ಚಿಡೋದಿಲ್ಲ.” ನಿಜ. ನೆರೆಯವನ ವರಮಾನ ಎಷ್ಟೆಂದು ಕೇಳಿದರೂ ಸರ್ಕಾರ ಹೇಳುತ್ತದೆ. ಆದರೆ ಅವನಿಗಾಗಿ ಕೋವಿ ಹಿಡಿದು ಕೂತವನಿಗೆ, ಅವನು ಮಲಗುವ ಕೋಣೆ ಯಾವುದೆಂದೂ ಹೇಳುತ್ತದೆಯೇ?

ವಸಂತದಲ್ಲಿ ಹೊಸ ಕರು ಹುಟ್ಟುವ ಹೊತ್ತಿಗೆ ತಾಯಿ ಮೂಸ್ ಈ ಎಳೆಯನನ್ನು ಅಟ್ಟಿದಳು. ಅಲ್ಲಿಂದ ನಾರ್ವೆ ಗಡಿಯ ಬೆಟ್ಟ ಇಳಿದು, ನದಿಗಳನ್ನು ಈಜಿ, ರೈಲು ಹಳಿ ದಾಟಿ, ಪಾದ್ರಿಯೊಬ್ಬರ ತೋಟದ ಸೇಬು ತಿಂದು ನಮ್ಮ ಕಾಡಿಗೆ ಬಂದ. ಬೇಸಿಗೆಯಿಡೀ ನಾನೂ ಆ ಚುಕ್ಕೆಯ ಹಿಂದೆ ಬಿದ್ದಿದ್ದೆ. ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನೇ. ಅಷ್ಟು ದೂರ ಒಂಟಿಯಾಗಿ ನಡೆದು ಬಂದವನು ಒಂದು ಫೋನಿನ ದೆಸೆಯಿಂದ ಸಾಯುವುದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ಕಳೆದ ಬುಧವಾರ ಅವನು ನನ್ನ ಕುರಿಬೇಲಿ ಹಾರಿದ. ಬೆಳೆಯುವ ಕುತ್ತಿಗೆಗೆಂದು ನೀವು ಸಡಿಲ ಬಿಟ್ಟಿದ್ದ ಪಟ್ಟಿ ಗೂಟಕ್ಕೆ ಸಿಕ್ಕಿ ಕಳಚಿತು. ಕಿಟಕಿಯಿಂದ ನೋಡುತ್ತಿದ್ದೆ. ಒಮ್ಮೆ ತಲೆ ಕೊಡವಿ ಕಾಡು ಸೇರಿದ. ಪಟ್ಟಿಯನ್ನು ನಿಮಗೆ ಕಳಿಸಬೇಕಿತ್ತು. ಕಳಿಸಲಿಲ್ಲ, ನನ್ನ ಕಾರಿನಲ್ಲಿಟ್ಟುಕೊಂಡೆ.

ಆಮೇಲೆ ನಿಮ್ಮ ಮೂಸ್ ದಿನಸಿ ಅಂಗಡಿಗೆ ಹೋಯಿತು. ಕೂದಲು ಕತ್ತರಿಸುವವಳ ಬಾಗಿಲಲ್ಲಿ ಬಹಳ ಹೊತ್ತು ನಿಂತಿತು. ಭಾನುವಾರ ಚರ್ಚಿಗೂ ಹೋಗಿ ಬಂತು. ಎಳೆಯ ಮೂಸ್ ಜನವಸತಿಯತ್ತ ಅಸಾಮಾನ್ಯ ಆಕರ್ಷಣೆ ತೋರುತ್ತಿದೆ ಎಂದು ನಿಮ್ಮ ತಜ್ಞರು ಪ್ರಕಟಣೆ ಹೊರಡಿಸಿದರು. ಪ್ರಾರ್ಥನೆ ಮುಗಿಸಿ ಹೊರಬಂದರೆ ಚರ್ಚಿನ ಹಿಂದಿನ ಪೊದೆಯಲ್ಲಿ ಎಸ್ಬ್ಯೋರ್ನ್‌ನ ಕಿತ್ತಳೆ ಟೋಪಿ ಕಂಡಿತು.

“ಸದ್ದು ಮಾಡ್ಬೇಡ. ಇಲ್ಲೇ ಎಲ್ಲೋ ಇದ್ದಾನೆ” ಎಂದು ನನಗೇ ಪಿಸುಗುಟ್ಟಿದ.

ಪಟ್ಟಿ ಇಟ್ಟುಕೊಂಡದ್ದು ಅಪರಾಧವೆಂದು ನನ್ನ ಬೇಟೆ ಪರವಾನಗಿ ಕಿತ್ತುಕೊಳ್ಳುವಿರಾದರೆ ಕಿತ್ತುಕೊಳ್ಳಿ. ಬರುವ ವಸಂತದಲ್ಲಿ ಇನ್ನಷ್ಟು ಮರಿಗಳಿಗೆ ಪಟ್ಟಿ ಕಟ್ಟುತ್ತೀರಂತೆ. ಕಟ್ಟಿ, ಅವು ಎಲ್ಲಿಗೆ ಹೋಗುತ್ತವೆಂದು ತಿಳಿಯುವ ಆಸೆ ನನಗೂ ಇದೆ. ಆದರೆ ಬೇಟೆಗಾಲ ಮುಗಿಯುವವರೆಗೆ ಚುಕ್ಕೆಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಹಾಗೆಂದು ಇದೇ ಪತ್ರಿಕೆಯಲ್ಲಿ ಮಾತು ಕೊಟ್ಟು, ಬಂದು ಪಟ್ಟಿ ಒಯ್ಯಿರಿ. ನನ್ನ ವಿಳಾಸ ಬರೆಯಬೇಕಿಲ್ಲ, ನಕ್ಷೆಯಲ್ಲಿದೆ. ಅವನು ಯಾವ ಕಡೆ ಹೋದನೆಂದು ಮಾತ್ರ ಕೇಳಬೇಡಿ. ನೋಡಿದ್ದೇನೆ, ಹೇಳುವುದಿಲ್ಲ.

ಇಂತಿ,
ಸದ್ಯಕ್ಕೆ ನಿಮ್ಮ ಕೆಂಪು ಚುಕ್ಕೆಯಾಗಿರುವ
ಗುನ್ವೋರ್ ಸ್ಟ್ರೋಮ್‌ಬಾಕ್