ಬ್ಲಾಸಿದಾ ಹೆಸರು ಉಳಿಸು

ಇತಾಗ್ವಾ, ಆಗಸ್ಟ್ ೯

ನನ್ನ ಬಂಗಾರ ಡರ್ಲಿಸ್,

ಹೇಗಿದ್ದೀಯೋ? ಹೊಟ್ಟೆ ತುಂಬ ಊಟ ಹಾಕ್ತಾರಾ? ಚಾಕೋದ ಆ ಗಡಿ ಠಾಣೆಯಲ್ಲಿ ವಿಪರೀತ ಚಳಿಯಂತೆ, ಕಿವಿ ಮುಚ್ಚಿಕೊಂಡು ಮಲಗು. ಸೈನ್ಯದವರು ನಿನ್ನ ಫೋನು ಕಿತ್ತಿಟ್ಟುಕೊಂಡಿದ್ದಕ್ಕೆ ಈ ಮುದುಕಿ ಪೆನ್ನು ಹಿಡಿಯೋ ಹಾಗಾಯ್ತು. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನನ್ನ ಮಂಡಿನೋವು ಇದ್ದಲ್ಲೇ ಇದೆ. ಚಿಪಾ ರೊಟ್ಟಿ ಸುಟ್ಟು ಕಳಿಸಿದ್ದೇನೆ, ಒಬ್ಬನೇ ತಿಂದು ಮುಗಿಸಬೇಡ.

ಈಗ ವಿಷಯ ಕೇಳು. ನಾವು ಹೆಣೆದ ಲೇಸು ಮಾರೋಕೆ ನೀನು ಮಾಡಿಕೊಟ್ಟಿದ್ದೆಯಲ್ಲ, ಆ ಜಾಲತಾಣ ನಿಂತುಹೋಗಿದೆ. ನಿನ್ನಮ್ಮ ಬ್ಲಾಸಿದಾಳ ಹೆಸರನ್ನೇ ನೀನು ಅದಕ್ಕಿಟ್ಟಿದ್ದೆ. ಒಮ್ಮೆ ದುಡ್ಡು ಕೊಟ್ಟ ಮೇಲೆ ಹೆಸರು ನಮ್ಮದೇ ಅಂದುಕೊಂಡು ನಾನು ನಿಶ್ಚಿಂತೆಯಾಗಿದ್ದೆ. ಅಸುನ್ಸಿಯೋನ್‌ಗೆ ಹೋಗಿ ಜಾಲತಾಣಗಳ ಹೆಸರು ನೋಂದಾಯಿಸೋ ಕಚೇರಿಯಲ್ಲಿ ಕೇಳಿದರೆ, ಸುನಿಲ್ಡಾ ಅನ್ನೋ ಹುಡುಗಿ, "ಅಜ್ಜೀ, ಇಲ್ಲಿ ಹೆಸರನ್ನ ಯಾರೂ ಕೊಂಡುಕೊಳ್ಳಲ್ಲ. ಆಗಾಗ ನವೀಕರಿಸಿ ಉಳಿಸ್ಕೋಬೇಕು," ಅಂದಳು. ಎಚ್ಚರಿಕೆಯ ಓಲೆಗಳೆಲ್ಲ ನಿನ್ನ ಇಮೇಲಿಗೆ ಬಂದು ಬಿದ್ದಿವೆ, ನೋಡೋರು ಯಾರು? ನಾನೇ ನವೀಕರಿಸ್ತೀನಿ ಅಂದ್ರೆ ನಿನ್ನ ಸಹಿಯೇ ಬೇಕಂತೆ. "ಅವನನ್ನ ಎತ್ತಿ ಆಡಿಸಿದ ಅಜ್ಜಿ ಕಣೇ ನಾನು!" ಅಂದೆ. "ಆಡಿಸಿದ್ದು ಸರಿ, ಆದ್ರೆ ನೋಂದಾಯಿಸಿದೋನೇ ಯಜಮಾನ," ಅಂತ ನಕ್ಕಳು. ಮೈಯೆಲ್ಲ ಉರಿದುಹೋಯ್ತು. ಪಾಪ, ಆಮೇಲೆ ಅವಳೇ ತಾನು ಕುಡೀತಿದ್ದ ತಣ್ಣನೆ ತೆರೆರೆ ಕಷಾಯದ ಲೋಟ ನನ್ನ ಕೈಗಿಟ್ಟು ಬಿಡಿಸಿ ಹೇಳಿದಳು. ಎಲ್ಲೋ ದೂರದಲ್ಲಿ ಯಾರಾದರೂ ಆ ಹೆಸರು ಒತ್ತಿದರೆ, 'ಬ್ಲಾಸಿದಾ ಮನೆ ಎಲ್ಲಿ?' ಅಂತ ಅವರ ಕಂಪ್ಯೂಟರು ಕೇಳುತ್ತಂತೆ, ಆ ಕಚೇರಿಯಿಂದ ದಾರಿ ಹೇಳ್ತಾರಂತೆ. ನೋಡು ಮಗಾ, ನಿನ್ನಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಮನೇಲಿ ಆ ಹೆಸರೇ ಎತ್ತಲ್ಲ. ಗುರುತಿಲ್ಲದ ಜನ ಮಾತ್ರ ದಿನಾ ಅವಳನ್ನ ವಿಚಾರಿಸ್ತಿದ್ದರು.

ಅವಧಿ ಮುಗಿದರೂ ಈ ತಿಂಗಳ ಕೊನೆವರೆಗೆ ಕಾದಿರಿಸ್ತಾರೆ. ಆಮೇಲೆ ಮೊದಲು ಕೇಳಿದವರ ಪಾಲು. ಅದೇ ಹೆಸರಿಟ್ಟುಕೊಂಡಿರೋ ಕೆರೆದಂಡೆಯ ಹೊಸ ಹೋಟೆಲಿನವರು ಅದಕ್ಕೇ ಹೊಂಚು ಹಾಕಿದ್ದಾರೆ, ಅವರ ಬಾಯಿಗೆ ಮಣ್ಣು ಬೀಳಲಿ! ಜೊತೆಗಿಟ್ಟ ಕಾಗದಕ್ಕೆ ಸಹಿ ಹಾಕಿ, ರೇಷನ್ ತರೋ ಲಾರಿಯವನ ಕೈಯಲ್ಲೇ ವಾಪಸ್ ಕಳಿಸು.

ಕಾಕುಪೆಯ ಮೇರಿ ತಾಯಿ ನಿನ್ನ ತಲೆ ಕಾಯಲಿ.

ನಿನ್ನಜ್ಜಿ,
ಸೆಫೆರಿನಾ

ಮರೆತೇಬಿಟ್ಟಿದ್ದೆ, ಲಾರಿಯವನು ಬೇರೆ ಹಾರನ್ ಹೊಡೀತಿದ್ದಾನೆ. ಸುನಿಲ್ಡಾ ಎರಡು ಕಾಗದ ಕೊಟ್ಟಿದ್ದಳು. ಒಂದಕ್ಕೆ ಸಹಿ ಹಾಕಿದರೆ ಎಲ್ಲ ನನ್ನ ಹೆಸರಿಗೆ ಬರುತ್ತೆ. ಇನ್ನೊಂದರಲ್ಲಿ ಯಜಮಾನ ನೀನೇ, ಓಲೆ ಮಾತ್ರ ನನಗೂ ಬರುತ್ತೆ. ಮೊದಲನೇದನ್ನ ಒಲೆಗೆ ಹಾಕಿದೆ. ನನ್ನ ಕೈಯಾರೆ ಮಗಳನ್ನ ಮಣ್ಣಿಗೆ ಕೊಟ್ಟೆ, ನಾನು ಸಾಯುವಾಗ ಅವಳ ಹೆಸರನ್ನೂ ನನ್ನ ಜೊತೆ ಕರಕೊಂಡು ಹೋಗಲಾರೆ. ನಿನ್ನಮ್ಮ ಕಣೋ ಅವಳು, ನಿನ್ನ ಹತ್ರನೇ ಇರಲಿ.