ಉಗ್ಗುವವರ ಭಾನುವಾರ

ಮಾರ್ಚ್ ೨೩, ಭಾನುವಾರ ಮಧ್ಯಾಹ್ನ

ಮುದ್ದು ಮಗಳಿಗೆ,

ಅಪ್ಪನ ತುಂಬು ಮನಸ್ಸಿನ ಹಾರೈಕೆಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಮಂಡಿನೋವು ಮಾತ್ರ ಬಾಡಿಗೆಯವನ ಹಾಗೆ ಬಂದು ಮನೆಯವನ ಹಾಗೆ ಉಳಿದುಬಿಟ್ಟಿದೆ. ನೀನು, ಅಳಿಯಂದಿರು, ಪುಟಾಣಿ ಎಲ್ಲರೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ.

ನೀನು ಮೆಸೇಜು ಕಳಿಸಿ ಎರಡೂವರೆ ತಿಂಗಳಾಯಿತು. ಉತ್ತರ ಕೊಡದೆ ಕೂತಿದ್ದಕ್ಕೆ ನಿನಗೆ ಕೋಪ ಬಂದಿದೆ ಅಂತ ನಿನ್ನ ಸೋದರತ್ತೆ ಹೇಳಿದಳು. "ಅಪ್ಪನಿಗೆ ನನ್ನ ಹತ್ರ ಮಾತಾಡೋದೇ ಇಷ್ಟ ಇಲ್ಲ. ಫೋನ್ ಮಾಡಿದ್ರೆ ಹೂಂ, ಊಹೂಂ, ಆಮೇಲೆ ಕಟ್" ಅಂದೆಯಂತೆ. ಕೋಪ ನ್ಯಾಯವೇ. ಮೊಬೈಲಿನಲ್ಲಿ ಬರೆಯೋಣ ಅಂತ ಹೋದೆ. ನನ್ನ ದಪ್ಪ ಬೆರಳಿಗೆ ಒಂದು ಅಕ್ಷರ ಒತ್ತಿದರೆ ಮೂರು ಬರುತ್ತವೆ. ಬಾಯಲ್ಲಿ ಆಗೋದೇ ಅಲ್ಲೂ ಆದರೆ ಹೇಗೆ? ಅದಕ್ಕೇ ಪೆನ್ನು ಹಿಡಿದೆ. ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ನಿನ್ನ ಮೆಸೇಜು ಬಂದಾಗ ನಾನು ಹನ್ನೊಂದು ಮಹಡಿಯ ಕಟ್ಟಡದ ತುದಿಯಲ್ಲಿದ್ದೆ, ಲಿಫ್ಟಿನ ಮಷಿನ್ ರೂಮಿನಲ್ಲಿ. ಕೈಯೆಲ್ಲ ಗ್ರೀಸು. ಒಂದು ಬೆರಳು ಒರೆಸಿಕೊಂಡು ಓದಿದೆ. "ಅಪ್ಪಾ, ಪುಟಾಣಿ ಮಾತಾಡುವಾಗ ತಡೀತಾಳೆ. ಥೇಟ್ ನಿನ್ನ ಹಾಗೇ. ಇವರು ಗದರಿದರೆ ಸರಿ ಹೋಗುತ್ತೆ ಅಂತಾರೆ. ನನಗೆ ಏನೂ ತೋಚ್ತಿಲ್ಲ." ಓದಿ ಅಲ್ಲೇ ಕೇಬಲ್ ಸುರುಳಿಯ ಮೇಲೆ ಕೂತುಬಿಟ್ಟೆ. ನನ್ನಿಂದ ಆ ಕೂಸಿಗೆ ಹೋಗಬೇಕಾದದ್ದು ಎಷ್ಟೋ ಇತ್ತು. ನಿಮ್ಮಜ್ಜನ ಎತ್ತರ ಇತ್ತು, ನನ್ನ ಕೈಗೆಲಸ ಇತ್ತು. ಎಲ್ಲ ಬಿಟ್ಟು ಇದೇ ಹೋಗಬೇಕಿತ್ತೇ ಅನ್ನಿಸಿತು.

ಮಾರನೇ ವಾರ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ಮಾತಿನ ತೊಂದರೆ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ವಯಸ್ಸಲ್ಲಿ ನಿನಗಿಂತ ಚಿಕ್ಕವರೇ. ಹೇಳಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಚೀಟಿ ಓದಲೇ ಇಲ್ಲ. ಮಡಿಚಿ ಮೇಜಿನ ಮೇಲಿಟ್ಟು, "ನೀವೇ ಹೇಳಿ, ನನಗೆ ಟೈಮಿದೆ" ಅಂದರು. ಹೇಳಿದೆ. ಬೆವರು ಬೆನ್ನಲ್ಲಿ ಇಳಿಯಿತು. ಹೊರಗೆ ಸಾಲು ಬೆಳೆಯುತ್ತಿತ್ತು. ಆದರೂ ಅವರು ಗಡಿಯಾರ ನೋಡಲಿಲ್ಲ.

ಮೊದಲು ಪುಟಾಣಿಯ ವಿಷಯ. ಅಳಿಯಂದಿರಿಗೂ ಓದಿ ಹೇಳು. ಗದರಬಾರದು. "ನಿಧಾನವಾಗಿ ಹೇಳು", "ಉಸಿರು ತಗೊಂಡು ಹೇಳು" ಅನ್ನಲೂಬಾರದು. ಅವಳ ಮಾತನ್ನು ನಾವು ಮುಗಿಸಬಾರದು. ಮುಖ ನೋಡುತ್ತಾ ಕಾಯಬೇಕು, ಏನು ಹೇಳುತ್ತಿದ್ದಾಳೆ ಅನ್ನೋದನ್ನು ಕೇಳಬೇಕು, ಹೇಗೆ ಹೇಳುತ್ತಿದ್ದಾಳೆ ಅನ್ನೋದನ್ನಲ್ಲ. ನಾವೇ ಸ್ವಲ್ಪ ನಿಧಾನವಾಗಿ ಮಾತಾಡಿದರೆ ಒಳ್ಳೆಯದು. ಐದು ವರ್ಷದೊಳಗೆ ಬಂದದ್ದು ಎಷ್ಟೋ ಮಕ್ಕಳಿಗೆ ತಾನಾಗಿ ಹೋಗುತ್ತದಂತೆ. ಹಾಗಂತ ಕಾದು ಕೂರಬೇಡ, ನಿಮ್ಮಲ್ಲೂ ಇಂಥ ಡಾಕ್ಟರು ಇರುತ್ತಾರೆ, ಒಂದು ಸಲ ತೋರಿಸು ಅಂದರು. ಉಗ್ಗು ಹೋಗದೆ ಉಳಿದರೂ ಪ್ರಪಂಚ ಮುಳುಗಿ ಹೋಗಲ್ಲ ಅಂತ ಸೇರಿಸಿದರು. ಆ ಮಾತು ನನ್ನನ್ನು ನೋಡಿಕೊಂಡೇ ಹೇಳಿದರು.

ಎದ್ದು ಹೊರಟಾಗ, "ನಿಮಗೆ?" ಅಂದರು.

"ನ-ನನಗೇನೂ ಬೇಡ. ಮೊ-ಮೊಮ್ಮಗಳಿಗೆ ಅಂತ ಬಂದೆ."

"ಸರಿ. ಮೊಮ್ಮಗಳಿಗೋಸ್ಕರವೇ ಹೋಗಿ" ಅಂತ ನನ್ನ ಚೀಟಿಯ ಹಿಂದೆಯೇ ಒಂದು ವಿಳಾಸ ಬರೆದುಕೊಟ್ಟರು. ಲೈಬ್ರರಿ ಹಿಂದಿನ ಪ್ರಾಥಮಿಕ ಶಾಲೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಉಗ್ಗುವವರು ಸೇರುವ ಗುಂಪು.

ನಿಜ ಹೇಳುತ್ತೇನೆ, ನಗಬೇಡ. ಮೊದಲ ಭಾನುವಾರ ಆ ಶಾಲೆಯ ಗೇಟಿನ ಎದುರು ಇಪ್ಪತ್ತು ನಿಮಿಷ ನಿಂತು ವಾಪಸು ಬಂದೆ. ಕುಂಟರೆಲ್ಲ ಸೇರಿ ಓಟದ ಸ್ಪರ್ಧೆ ಇಟ್ಟ ಹಾಗೆ, ಇವರು ಸೇರಿ ಏನು ಕಡಿದು ಕಟ್ಟೆ ಹಾಕ್ತಾರೆ ಅಂತ ನನಗೇ ಸಮಾಧಾನ ಹೇಳಿಕೊಂಡೆ. ಎರಡನೇ ಭಾನುವಾರವೂ ಗೇಟಿನ ಎದುರೇ ನಿಂತಿದ್ದೆ. ಬಾಗಿಲಷ್ಟು ಅಗಲದ ಒಬ್ಬ ಮನುಷ್ಯ ಕಂಕುಳಲ್ಲಿ ಚಹಾದ ಫ್ಲಾಸ್ಕು ಅವುಚಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತ.

"ಗ-ಗ-ಗುಂಪಿಗಾ?"

ತಲೆಯಾಡಿಸಿದೆ.

"ನಾನು ಮೂ-ಮೂರು ವಾರ ಇಲ್ಲೇ ನಿಂತಿದ್ದೆ. ಹೋ-ಹೋದ ವಾರವೂ ನಿಮ್ಮನ್ನ ಇಲ್ಲೇ ನೋಡಿದೆ. ನಿ-ನಿಮ್ಮದು ಎರಡೇ. ನೀವೇ ವಾಸಿ" ಅಂತ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು ಗೇಟು ತೆಗೆದ. ಬೇರೆಯವರ ಚಹಾ ಕೈಯಲ್ಲಿ ಹಿಡಿದುಕೊಂಡು ಓಡಿಹೋಗೋಕಾಗುತ್ತದೆಯೇ? ಒಳಗೆ ಹೋದೆ.

ಅವನದು ಟೈರ್ ಅಂಗಡಿ. ಗುಂಪಿನಲ್ಲಿ ಎಲ್ಲರೂ 'ಎಕ್ಸ್‌ಪ್ರೆಸ್' ಅನ್ನುತ್ತಾರೆ. ಆ ಹೆಸರು ತನಗೆ ತಾನೇ ಇಟ್ಟುಕೊಂಡದ್ದಂತೆ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಎಕ್ಸ್‌ಪ್ರೆಸ್. ಗುಂಪು ನಡೆಸುವವರು ಗಣಿತದ ಮೇಷ್ಟ್ರು. ಅವರೂ ಉಗ್ಗುತ್ತಾರೆ, ಉಗ್ಗುತ್ತಲೇ ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದಾರೆ. ಒಬ್ಬ ನರ್ಸ್ ಹುಡುಗಿ ಇದ್ದಾಳೆ, ಹಾಡಿದರೆ ನೀರು ಹರಿದ ಹಾಗೆ, ಮಾತಾಡಿದರೆ ಕಲ್ಲಿಗೆ ಕಲ್ಲು ಸಿಕ್ಕಿದ ಹಾಗೆ. ಒಟ್ಟು ಒಂಬತ್ತು ಹತ್ತು ಜನ. ಎರಡನೇ ಕ್ಲಾಸಿನ ಕೋಣೆ, ಮಕ್ಕಳ ಬೆಂಚು. ಮಂಡಿ ಗಲ್ಲಕ್ಕೆ ತಾಗುತ್ತದೆ. ಒಂದು ಗಂಟೆಯ ಸಭೆ ಅಂತ ಹೆಸರಿಗೆ. ಎಲ್ಲರೂ ಉಗ್ಗುವವರೇ ಆದ್ದರಿಂದ ಎರಡೂವರೆ ಗಂಟೆಗೆ ಕಡಿಮೆ ಯಾವತ್ತೂ ಮುಗಿದದ್ದಿಲ್ಲ.

ಅಲ್ಲಿ ಇರುವುದು ಒಂದೇ ನಿಯಮ. ಯಾರ ಮಾತನ್ನೂ ಯಾರೂ ಮುಗಿಸಿಕೊಡಬಾರದು.

ಮೊದಲ ದಿನ ಹೆಸರು ಹೇಳಬೇಕಿತ್ತು. ನಿನಗೆ ಗೊತ್ತಲ್ಲ, ನನಗೆ ಲೋಕದ ಎಲ್ಲ ಪದಕ್ಕಿಂತ ನನ್ನ ಹೆಸರೇ ಕಷ್ಟ. ಬೇರೆ ಪದವಾದರೆ ಬದಲಿಸಬಹುದು. 'ನೀರು' ಬರದಿದ್ದರೆ 'ಕುಡಿಯೋಕೆ' ಅನ್ನಬಹುದು. ಹೆಸರಿಗೆ ಬದಲಿ ಎಲ್ಲಿಂದ ತರಲಿ? ಬಾಯಿ ತೆರೆದೆ, ದವಡೆ ಬಿಗಿಯಿತು, ಕಣ್ಣು ತಾನಾಗಿ ಮುಚ್ಚಿತು. ಸುಮಾರು ಒಂದು ನಿಮಿಷವಾದರೂ ಆಗಿರಬೇಕು. ಕಣ್ಣು ಬಿಟ್ಟರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬರ ಮುಖದಲ್ಲೂ ಅಯ್ಯೋ ಪಾಪ ಇರಲಿಲ್ಲ. ಬಸ್ಸಿಗೆ ಕಾಯುವವರ ಹಾಗೆ ನೆಮ್ಮದಿಯಾಗಿ ಕಾಯುತ್ತಿದ್ದರು. ಹೆಸರು ಬಂತು. "ನ-ನ-ನಮಸ್ಕಾರ" ಅಂದ ಎಕ್ಸ್‌ಪ್ರೆಸ್, ಆಮೇಲೆ ಚಹಾ ಬಗ್ಗಿಸಿದ. ಅಷ್ಟೇ. ಐವತ್ತಾರು ವರ್ಷದಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ ನಾನೇ ಹೇಳಿಕೊಂಡ ದಿನಗಳು ಬೆರಳಲ್ಲಿ ಎಣಿಸುವಷ್ಟು. ಅವತ್ತು ಮನೆಗೆ ನಡೆದುಕೊಂಡೇ ಬಂದೆ, ಬಸ್ಸು ಹತ್ತೋಕೆ ಮನಸ್ಸಾಗಲಿಲ್ಲ.

ನಿಮ್ಮಮ್ಮನ ನೆನಪು ಬಂತು. ಅವಳು ಆಗ ಒಂದು ಆಫೀಸಿನ ಮುಂಬಾಗಿಲ ಕೌಂಟರಿನಲ್ಲಿ ಕೂರುತ್ತಿದ್ದಳು, ನಾನು ಅಲ್ಲಿನ ಲಿಫ್ಟು ನೋಡಲು ಹೋಗಿದ್ದೆ. ರಿಜಿಸ್ಟರಿನಲ್ಲಿ ಬರೆದುಕೊಳ್ಳೋಕೆ ಹೆಸರು ಕೇಳಿದಳು. ನಾನು ಒದ್ದಾಡುತ್ತಿದ್ದರೆ, "ಅವಸರ ಇಲ್ಲ, ಪೆನ್ನಲ್ಲಿ ಇಂಕು ಬೇಕಾದಷ್ಟಿದೆ" ಅಂದಳು. ಆ ಒಂದು ಮಾತಿಗೆ ಬಿದ್ದವನು ನಾನು. ಆದರೆ ಮದುವೆಯಾದ ಮೇಲೆ ಪಾಪ, ನನ್ನ ಒದ್ದಾಟ ನೋಡಲಾರದೆ ನನ್ನ ಬದಲು ಅವಳೇ ಮಾತಾಡತೊಡಗಿದಳು. ಅಂಗಡಿಯಲ್ಲಿ ಅವಳು, ನಿನ್ನ ಸ್ಕೂಲಿನಲ್ಲಿ ಅವಳು, ಆಮೇಲೆ ಏಳು ವರ್ಷದವಳಾಗಿದ್ದ ನೀನು ಕೂಡ, ಫೋನ್ ಹೊಡೆದುಕೊಂಡರೆ ಓಡಿಬಂದು ಎತ್ತುತ್ತಿದ್ದೆ. ಕೆಲಸದಲ್ಲಿ ನನ್ನ ಜೊತೆಗಾರ ಮಾತಿನಮಲ್ಲ ಇದ್ದ. ನಿಮ್ಮೆಲ್ಲರ ಪ್ರೀತಿಯ ನೆರಳಲ್ಲಿ ಕೂತು ಕೂತು ನನ್ನ ನಾಲಗೆ ಸೋಮಾರಿಯಾಯಿತು. ದೂರು ಅಂದುಕೊಳ್ಳಬೇಡ. ಗುಂಪಿನಲ್ಲಿ ಮಾತಾಡಿದ ಮೇಲೆ ಹೊಳೆದದ್ದು, ಹೇಳಿದೆ.

ಗುಂಪಿಗೆ ಹೋಗಿ ಉಗ್ಗು ಹೋಯಿತಾ ಅಂತ ಕೇಳುತ್ತೀಯ. ಇಲ್ಲ. ಮೊದಲ ದಿನವೇ ಮೇಷ್ಟ್ರು ಹೇಳಿಬಿಟ್ಟರು, "ಇ-ಇಲ್ಲಿ ಯಾರಿಗೂ ಗುಣ ಆಗಲ್ಲ. ಬ-ಬಚ್ಚಿಟ್ಟುಕೊಳ್ಳೋದು ಮಾತ್ರ ಕಮ್ಮಿ ಆಗುತ್ತೆ." ನಾವು ಒಟ್ಟಿಗೆ ಕೂತು ಅಂಗಡಿಗಳಿಗೆ ಫೋನ್ ಮಾಡುತ್ತೇವೆ. ಎಷ್ಟು ಹೊತ್ತಿಗೆ ತೆಗೀತೀರಿ, ನೀಲಿ ಬಣ್ಣದ ದಾರ ಇದೆಯಾ, ಹೀಗೆ. ನಗುವವರು ನಗುತ್ತಾರೆ, ಇಡುವವರು ಇಡುತ್ತಾರೆ. ಇಟ್ಟರೆ ಎಲ್ಲರೂ ಸೇರಿ ಚಪ್ಪಾಳೆ. ನಾನು ಮಾತ್ರ ಫೋನು ಮುಟ್ಟಿರಲಿಲ್ಲ. ಪ್ರತಿ ವಾರ "ಮುಂದಿನ ವಾರ" ಅಂತ ತಳ್ಳುತ್ತಿದ್ದೆ.

ಹೋದ ತಿಂಗಳು ನಡೆದದ್ದು ಕೇಳು. ಮಾತಿನಮಲ್ಲ ರಿಟೈರ್ ಆದ, ಈಗ ನಾನೊಬ್ಬನೇ. ಕಣ್ಣಿನ ಆಸ್ಪತ್ರೆಯ ಲಿಫ್ಟು ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ ನಿಂತುಹೋಗಿತ್ತು. ಒಳಗೊಬ್ಬ ಹೆಂಗಸು, ಒಂದೇ ಸಮ ಬಾಗಿಲು ಬಡಿದು ಅಳುತ್ತಿದ್ದರು. ಮೊದಲಾದರೆ ಮಲ್ಲ ಸಮಾಧಾನ ಹೇಳುತ್ತಿದ್ದ, ನಾನು ಮೇಲೆ ಹೋಗಿ ಕೆಲಸ ನೋಡುತ್ತಿದ್ದೆ. ಅವನಿಲ್ಲದಾಗ ಬಾಗಿಲಿಗೆ ಮೂರು ಸಲ ತಟ್ಟಿ ಸುಮ್ಮನೆ ಮೇಲೆ ಹತ್ತುತ್ತಿದ್ದೆ. ಅವತ್ತು ಕಾಲು ಏಳಲಿಲ್ಲ. ನಾಲ್ಕನೇ ಮಹಡಿಯ ಬಾಗಿಲ ಹತ್ತಿರ ಮಂಡಿಯೂರಿ, "ಅ-ಅಮ್ಮಾ, ನಾನು ಲಿ-ಲಿ-ಲಿಫ್ಟ್ ಮೆ-ಮೆಕ್ಯಾನಿಕ್ಕು" ಅಂದೆ.

ಬಡಿತ ನಿಂತಿತು. "ಯಾಕ್ರೀ, ನೀವೂ ಹೆದರಿದ್ದೀರಾ?" ಅಂದರು ಒಳಗಿಂದ.

"ಇಲ್ಲಮ್ಮ. ನಾ-ನಾನು ಮಾತಾಡೋದೇ ಹೀಗೆ. ಬಾ-ಬಾಯಿ ಮಧ್ಯೆ ಮಧ್ಯೆ ನಿಲ್ಲುತ್ತೆ. ಲಿ-ಲಿಫ್ಟ್ ನಿಲ್ಲೋಕೆ ಬಿಡಲ್ಲ."

ಆಮೇಲೆ ಅವರು ನಕ್ಕರು ಮಗಳೇ! ಅಳುವಿನ ನಡುವೆ ಬರುತ್ತದಲ್ಲ, ಅಂಥ ನಗು. ನಾನು ಮೇಲೆ ಹೋಗಿ ಕರೆಂಟು ತೆಗೆದು ಕೈಯಲ್ಲಿ ಚಕ್ರ ತಿರುಗಿಸುತ್ತೇನೆ, ಡಬ್ಬಿ ಸ್ವಲ್ಪ ಅಲ್ಲಾಡುತ್ತದೆ, ಹೆದರಬೇಡಿ ಅಂತ ಒಂದೊಂದಾಗಿ ಹೇಳಿದೆ. ಆಚೆ ಬಂದ ಮೇಲೆ ಅವರು ನನ್ನ ಗ್ರೀಸಿನ ಕೈ ಹಿಡಿದುಕೊಂಡು ಅಂದದ್ದು ಇದು: "ನಿಮ್ಮ ಮುಂದಿನ ಮಾತು ಏನಿರಬಹುದು ಅಂತ ಕಾಯ್ತಾ ಕಾಯ್ತಾ ನಂಗೆ ಅಳು ಮರೆತೇ ಹೋಯ್ತು."

ಭಾನುವಾರ ಗುಂಪಿನಲ್ಲಿ ಇದನ್ನು ಹೇಳಿದಾಗ ಎಕ್ಸ್‌ಪ್ರೆಸ್ ಬೆಂಚು ಗುದ್ದಿ ಗುದ್ದಿ ನಕ್ಕು ಚಹಾ ಚೆಲ್ಲಿದ.

ಪುಟಾಣಿಗೆ ಹೇಳು, ತಾತನ ಮಾತೂ ನಿಲ್ಲುತ್ತದೆ, ತಾತನಿಗೆ ಅಂಥ ಒಂಬತ್ತು ಜನ ಸ್ನೇಹಿತರಿದ್ದಾರೆ ಅಂತ. ರಜೆಯಲ್ಲಿ ಕರೆದುಕೊಂಡು ಬಾ. ನರ್ಸ್ ಹುಡುಗಿ ಅವಳು ಯಾವಾಗ ಬರುತ್ತಾಳೆ ಅಂತ ಈಗಾಗಲೇ ಕೇಳುತ್ತಿದ್ದಾಳೆ. ಅಳಿಯಂದಿರ ಮೇಲೆ ಸಿಟ್ಟಾಗಬೇಡ, ಹೆದರಿದ ಗಂಡಸರು ಗದರುತ್ತಾರೆ, ನಮ್ಮಪ್ಪನೂ ಹಾಗೇ ಇದ್ದ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆ ತುಂಬ ಮಾತಿರಲಿ, ಹೇಗೆ ಬಂದರೂ ಸರಿ, ಎಷ್ಟು ಹೊತ್ತಾದರೂ ಸರಿ. ಒಳ್ಳೆಯದಾಗಲಿ, ನೂರು ಕಾಲ ಸುಖವಾಗಿರು.

ನಿನ್ನ
ಅಪ್ಪ

ಇದು ಬರೆಯೋಕೆ ಮರೆತದ್ದಲ್ಲ. ಧೈರ್ಯ ಸಾಲದೆ ಸಹಿಯ ಕೆಳಗೆ ಉಳಿಸಿಕೊಂಡದ್ದು.

ಮೂರು ವರ್ಷದ ಹಿಂದೆ ನಿಮ್ಮಮ್ಮ ಅಡುಗೆಮನೆಯಲ್ಲಿ ಕುಸಿದಾಗ ಮಧ್ಯಾಹ್ನ ಎರಡು ಗಂಟೆ. ಬಾಯಿ ಒಂದು ಕಡೆ ಎಳೆದಿತ್ತು. ನಾನೇ ಆಂಬುಲೆನ್ಸಿಗೆ ಫೋನ್ ಮಾಡಿದೆ. "ಹಲೋ, ಎಲ್ಲಿಂದ ಮಾತಾಡ್ತಿದ್ದೀರಿ?" ಅಂದರು. ನಮ್ಮ ಬೀದಿಯ ಹೆಸರಿನ ಮೊದಲ ಅಕ್ಷರ ಬರಲಿಲ್ಲ. "ಹಲೋ, ಹಲೋ" ಅಂದು ಇಟ್ಟರು. ಮತ್ತೆ ಮಾಡಿದೆ, ಇಟ್ಟರು. ಮೂರನೇ ಸಲ "ಆಟ ಆಡ್ತಿದ್ದೀರಾ?" ಅಂತ ಬೈದು ಇಟ್ಟರು. ಅವರದೇನು ತಪ್ಪು, ಮಾತಿಲ್ಲದ ಫೋನು ದಿನಕ್ಕೆಷ್ಟು ಬರುತ್ತವೋ. ಎದುರು ಮನೆಗೆ ಓಡಿದೆ, ಬೀಗ. ಕೊನೆಗೆ ಮೂಲೆಯ ದರ್ಜಿ ನನ್ನ ಕೈಸನ್ನೆ ನೋಡಿ ಫೋನ್ ಮಾಡಿದ. ಇಪ್ಪತ್ತು ನಿಮಿಷ ಹೋಗಿತ್ತು.

ಆಸ್ಪತ್ರೆಯಲ್ಲಿ ನೀನು ಓಡಿಬಂದು "ಯಾಕಪ್ಪಾ ಇಷ್ಟು ತಡ?" ಅಂತ ಕೇಳಿದೆ. "ಗಾಡಿ ಬರೋದು ತಡ ಆಯ್ತು" ಅಂದೆ. ಹುಟ್ಟಿದಾಗಿನಿಂದ ಒಂದು ವಾಕ್ಯ ನೆಟ್ಟಗೆ ಆಡದವನ ಬಾಯಿಂದ ಆ ಸುಳ್ಳು ಎಲ್ಲೂ ತಡೆಯದೆ ಬಂತು. ಇವತ್ತಿಗೂ ನೀನು ಆ ಗಾಡಿಯವನಿಗೆ ಶಾಪ ಹಾಕುತ್ತೀಯ. ಕರೆದ ಏಳು ನಿಮಿಷಕ್ಕೆ ಬಂದವನು ಅವನು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳಾ ಅಂತ ಡಾಕ್ಟರನ್ನು ನಾನು ಕೇಳಲೇ ಇಲ್ಲ. ಆಮೇಲೆ ನೀನು ಫೋನ್ ಮಾಡಿ "ಹಲೋ, ಹಲೋ, ಅಪ್ಪಾ" ಅಂದಾಗಲೆಲ್ಲ ನನಗೆ ಆ ದಿನದ ಹಲೋ ಕೇಳಿಸುತ್ತಿತ್ತು. ಅದಕ್ಕೇ ಹೂಂ ಅಂದು ಇಟ್ಟುಬಿಡುತ್ತಿದ್ದೆ.

ಹೋದ ವಾರ ಇದನ್ನು ಗುಂಪಿನಲ್ಲಿ ಹೇಳಿದೆ. ಇಡೀ ಸಭೆ ಅದಕ್ಕೇ ಆಯಿತು. ಹೋಗಲಿ ಬಿಡಿ ಅಂತ ಯಾರೂ ಅನ್ನಲಿಲ್ಲ. ನರ್ಸ್ ಹುಡುಗಿ ಪಕ್ಕಕ್ಕೆ ಬಂದು ಕೂತಳು. ಕೊನೆಗೆ ಮೇಷ್ಟ್ರು, "ಮ-ಮಗಳಿಗೆ ಗೊತ್ತಾ?" ಅಂತ ಮಾತ್ರ ಕೇಳಿದರು.

ಈಗ ಗೊತ್ತಾಯಿತು. ನಿನಗೆ ಬರುವ ಸಿಟ್ಟು ಬರಲಿ, ಅದನ್ನು ಕೇಳಿಸಿಕೊಳ್ಳಬೇಕಾದವನು ನಾನೇ. ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೇ ಫೋನ್ ಮಾಡುತ್ತೇನೆ. ನೀನು ಎತ್ತಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ. ಅದು ನಾನೇ. ಇಡಬೇಡ.